ಇರಾನ್ ವಿರುದ್ಧ 2-1: ಹಬ್ಬ ಮಾಡೋಣವಾ, ಸುಮ್ನೆ ಇರೋಣವಾ?

ಹಲಸೂರು_ಲೆಫ್ಟ್‌ಬ್ಯಾಕ್:
ಅಹಮದಾಬಾದ್‌ನಲ್ಲಿ ನಮ್ಮ ಅಂಡರ್-17 ಹುಡುಗರು ಇರಾನ್‌ಗೆ 2-1 ಹೊಡೆದು 2026ರ ಏಷ್ಯನ್ ಕಪ್‌ಗೆ ಹೋದರು. ಮೊದಲು ಗೋಲು ತಿಂದು, ಆಮೇಲೆ ತಿರುಗಿಸಿ ಗೆದ್ದಿದ್ದು. ಆಫೀಸಿನಲ್ಲಿ ಹೇಳಿದರೆ ಒಬ್ಬನಾದರೂ ತಲೆ ಎತ್ತಲಿಲ್ಲ. ಪಕ್ಕದ ಸೀಟಿನವನಂತೂ "ಇಂಡಿಯಾಗೆ ಫುಟ್‌ಬಾಲ್ ಟೀಮ್ ಇದೆಯಾ?" ಅಂದ. ನನ್ನ ಪ್ರಕಾರ 2017ರಿಂದ ನಮ್ಮ ಜೂನಿಯರ್ ಫುಟ್‌ಬಾಲ್ ನಿಜವಾಗಿ ಮೇಲೆ ಬಂದಿದೆ. ಒಪ್ಪದವರು ಇಲ್ಲೇ ಬನ್ನಿ, ಜಗಳ ಆಡೋಣ.

ಸೊನ್ನೆ_ಸೊನ್ನೆ:
ಬಂದೆ ಗುರು. ಅದೇ ಅರ್ಹತಾ ಸುತ್ತಿನಲ್ಲಿ ಲೆಬನಾನ್ ಹತ್ತಿರ ಸೋತಿದ್ದು ಯಾಕೆ ಬರೆದಿಲ್ಲ? ಇನ್ನು 2017. ಅಂಡರ್-17 ವಿಶ್ವಕಪ್ ಆಡಿದ್ದು ಆತಿಥೇಯರು ಅಂತ, ಗೆದ್ದು ಹೋಗಿದ್ದಲ್ಲ. ಮದುವೆ ನಮ್ಮ ಮನೆಯದು, ಹಾಗಾಗಿ ಮೊದಲ ಪಂಕ್ತಿಯಲ್ಲಿ ಎಲೆ ಸಿಕ್ಕಿತು. ಅಮೆರಿಕಾ ಹತ್ತಿರ 0-3, ಕೊಲಂಬಿಯಾ ಹತ್ತಿರ 1-2, ಘಾನಾ ಹತ್ತಿರ 0-4. ಮೂರು ಮ್ಯಾಚ್, ಒಂಬತ್ತು ಗೋಲು ಒಳಗೆ, ಒಂದು ಹೊರಗೆ. ಮೇಲೆ ಬಂದಿದ್ದು ಎಲ್ಲಿ?

ಹಲಸೂರು_ಲೆಫ್ಟ್‌ಬ್ಯಾಕ್:
ಆ ಒಂದು ಗೋಲಿಗೇ ನಾನು ದೆಹಲಿಗೆ ರೈಲು ಹತ್ತಿದ್ದು. ಅಕ್ಟೋಬರ್ 9, ನೆಹರೂ ಸ್ಟೇಡಿಯಂ. ಮೊದಲಾರ್ಧದ ಕೊನೆಗೆ ರಾಹುಲ್ ಹೊಡೆದ ಚೆಂಡು ಕಂಬಕ್ಕೆ ಬಡಿಯಿತು. ಆ ಸದ್ದು ನಮ್ಮ ಸ್ಟ್ಯಾಂಡಿಗೂ ಕೇಳಿಸಿತು ಅಂತ ಇವತ್ತಿಗೂ ಹೇಳ್ತೀನಿ, ನಂಬೋರು ನಂಬಲಿ. ಆಮೇಲೆ 82ನೇ ನಿಮಿಷ, ಕಾರ್ನರ್, ನಮ್ಮ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಕಿಕ್, ಮಣಿಪುರದ ಜೀಕ್ಸನ್ ಸಿಂಗ್ ಎಲ್ಲರಿಗಿಂತ ಮೇಲೆ ಹಾರಿ ತಲೆ ಕೊಟ್ಟ. ಫಿಫಾ ವಿಶ್ವಕಪ್ ಅನ್ನೋ ಹೆಸರಿನ ಟೂರ್ನಿಯಲ್ಲಿ ಭಾರತದ ಮೊದಲ ಗೋಲು. ಹಿಂದಿನ ಸೀಟಿನ ಸರ್ದಾರ್ಜಿ ನನ್ನನ್ನು ತಬ್ಬಿಕೊಂಡು ಕೈಯಲ್ಲಿದ್ದ ನೀರನ್ನೆಲ್ಲ ನನ್ನ ಮೇಲೆ ಚೆಲ್ಲಿದರು. ಬೆನ್ನು ಒರೆಸಿಕೊಂಡು ತಿರುಗುವಷ್ಟರಲ್ಲಿ ಕೊಲಂಬಿಯಾದ ಪೆನಾಲೋಸಾ ಎರಡನೇ ಗೋಲು ಹಾಕಿ ಆಗಿತ್ತು, 83ನೇ ನಿಮಿಷ. ನಾನು ಆ ಗೋಲು ನೋಡಲೇ ಇಲ್ಲ.

ಸೊನ್ನೆ_ಸೊನ್ನೆ:
ನೀನು ಬೆನ್ನು ಒರೆಸಿಕೊಂಡೆ ಸರಿ, ಡಿಫೆಂಡರ್‌ಗಳು ಏನು ಒರೆಸಿಕೊಳ್ತಿದ್ದರು?

ಉಳ್ಳಾಲ_ಎಕ್ಸ್‌ಪ್ರೆಸ್:
😂😂 ಮಾರಾಯ್ರೇ, ಆ ಹುಡುಗರಿಗೆ 16-17 ವಯಸ್ಸು. ಅಷ್ಟು ದೊಡ್ಡ ಗೋಲು ಹೊಡೆದ ಮೇಲೆ ಒಂದು ನಿಮಿಷ ಮೈ ಮರೆತರು. ನಾವು ಪಿಯುಸಿ ಪಾಸಾದಾಗ ಎಷ್ಟು ದಿನ ಮೈ ಮರೆತಿದ್ದೆವು?

ಹಳೇ_ಬೂಟು:
ನೀವೆಲ್ಲ 2017ರಿಂದ ಇತಿಹಾಸ ಶುರು ಮಾಡಿದ್ದೀರಿ. ಸ್ವಲ್ಪ ಹಿಂದೆ ಹೋಗಿ. 1974, ಬ್ಯಾಂಕಾಕ್, ಏಷ್ಯನ್ ಯೂತ್ ಚಾಂಪಿಯನ್‌ಶಿಪ್ ಫೈನಲ್. ಎದುರಾಳಿ ಇದೇ ಇರಾನ್. 2-2 ಡ್ರಾ ಆಗಿ ಇಬ್ಬರೂ ಕಪ್ ಹಂಚಿಕೊಂಡರು. ಕ್ಯಾಪ್ಟನ್ ಹೈದರಾಬಾದಿನ ಶಬ್ಬೀರ್ ಅಲಿ, ಕೋಚ್ ಅರುಣ್ ಘೋಷ್. 1973ರಿಂದ 76ರವರೆಗೆ ನಾಲ್ಕು ವರ್ಷವೂ ಇರಾನ್ ಚಾಂಪಿಯನ್, ಅಂಥ ಟೀಮಿನ ಜೊತೆ ಸಮ ಮಾಡಿಕೊಂಡಿದ್ದು. ಆ ಮಟ್ಟದಲ್ಲಿ ನಾವು ಏಷ್ಯಾ ಚಾಂಪಿಯನ್ ಆಗಿದ್ದು ಅದೊಂದೇ ಸಲ. ಆಗ ನಾನು ಎಂಟನೇ ಕ್ಲಾಸು. ಅಪ್ಪ ಪೇಪರ್ ಓದಿ ಹೇಳಿದ್ದು ನೆನಪಿದೆ, ಸುದ್ದಿ ಬೆರಳುದ್ದ ಬಂದಿತ್ತು.

ಇನ್ನೊಂದು ಮಾತು. ಫಿಫಾ ಯೂತ್ ವಿಶ್ವಕಪ್ ಶುರುವಾಗಿದ್ದೇ 1977ರಲ್ಲಿ, ಟುನೀಷಿಯಾದಲ್ಲಿ. ಅಂದರೆ ನಮ್ಮ ಹುಡುಗರು ಗೆದ್ದಾಗ ಮುಂದೆ ಹೋಗೋಕೆ ಜಾಗವೇ ಇರಲಿಲ್ಲ. ಮೂರು ವರ್ಷ ತಡವಾಗಿ ಹುಟ್ಟಿದ್ದರೆ ಕಥೆ ಬೇರೆ ಇರುತ್ತಿತ್ತೋ ಏನೋ.

ಸೊನ್ನೆ_ಸೊನ್ನೆ:
ಸರ್, ನಿಮಗೆ ಗೌರವ ಇಟ್ಟುಕೊಂಡೇ ಹೇಳ್ತೀನಿ, ನನ್ನ ವಾದಕ್ಕೆ ನೀವೇ ಗೊಬ್ಬರ ಹಾಕಿದಿರಿ. ಐವತ್ತು ವರ್ಷ ಹಿಂದೆ ಇರಾನ್ ಜೊತೆ ಫೈನಲ್ ಆಡ್ತಿದ್ದವರು ಈಗ ಅರ್ಹತಾ ಸುತ್ತಿನಲ್ಲಿ ಅದೇ ಇರಾನ್ ಸೋಲಿಸಿ ಕುಣೀತಿದ್ದೀವಿ. ಇದು ಮೇಲೆ ಬಂದಿದ್ದಾ, ಕೆಳಗೆ ಇಳಿದಿದ್ದಾ?

ಹಲಸೂರು_ಲೆಫ್ಟ್‌ಬ್ಯಾಕ್:
ಇಳಿದಿದ್ದೀವಿ, ಒಪ್ಪಿದೆ. ಮತ್ತೆ ಹತ್ತೋಕೆ ಶುರು ಮಾಡಿದ್ದೀವಿ ಅಂತಷ್ಟೇ ನಾನು ಹೇಳೋದು. 2018ರ ಆಗಸ್ಟ್, ಸ್ಪೇನಿನ ಕೋಟಿಫ್ ಟೂರ್ನಿ. ನಮ್ಮ ಅಂಡರ್-20 ಟೀಮು ಅರ್ಜೆಂಟೀನಾಗೆ 2-1 ಹೊಡೆಯಿತು. ದೀಪಕ್ ಟಾಂಗ್ರಿ ಒಂದು, ಅನ್ವರ್ ಅಲಿ ಫ್ರೀ ಕಿಕ್‌ನಲ್ಲಿ ಒಂದು. ಅದೂ ಅನಿಕೇತ್ ಜಾಧವ್ ರೆಡ್ ಕಾರ್ಡ್ ತಗೊಂಡು ಹತ್ತೇ ಜನ ಉಳಿದಿದ್ದಾಗ. ಆವತ್ತು ಅವರ ಕೋಚ್ ಯಾರು ಗೊತ್ತಾ? ಲಯೊನೆಲ್ ಸ್ಕಲೋನಿ. 2022ರಲ್ಲಿ ಮೆಸ್ಸಿ ಕೈಗೆ ಕಪ್ ಬರೋ ಹಾಗೆ ಮಾಡಿದ ಅದೇ ಮನುಷ್ಯ.

ಸೊನ್ನೆ_ಸೊನ್ನೆ:
ಅದೇ ಟೂರ್ನಿಯಲ್ಲಿ ಮಾರಿಟೇನಿಯಾ ಹತ್ತಿರ 0-3 ಸೋತಿದ್ದು? ಅದು ಕರೆದವರೆಲ್ಲ ಹೋಗಿ ಆಡೋ ಟೂರ್ನಿ ಗುರು. ಬೀಗರೂಟಕ್ಕೆ ಹೋಗಿ ಬಂದ ಹಾಗೆ.

ಕೋಚ್_ಅಲ್ಲ_ಆದ್ರೂ:
ಇಬ್ಬರೂ ಒಳ್ಳೇ ಉದಾಹರಣೆ ಬಿಟ್ಟು ಬೇರೆ ಎಲ್ಲ ಹೇಳ್ತಿದ್ದೀರಿ. ಅದೇ 2018ರಲ್ಲಿ ಮಲೇಷಿಯಾದಲ್ಲಿ ಅಂಡರ್-16 ಏಷ್ಯನ್ ಟೂರ್ನಿ, ಬಿಬಿಯಾನೋ ಫರ್ನಾಂಡಿಸ್ ಕೋಚ್. ವಿಯೆಟ್ನಾಂ ಮೇಲೆ 1-0, ಇರಾನ್ ಜೊತೆ 0-0, ಇಂಡೋನೇಷಿಯಾ ಜೊತೆ 0-0. ಗ್ರೂಪಿನಲ್ಲಿ ಒಂದೇ ಒಂದು ಗೋಲು ತಿನ್ನಲಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಕೊರಿಯಾ ಎದುರು ಗೋಲ್‌ಕೀಪರ್ ನೀರಜ್ ಒಂದಾದ ಮೇಲೊಂದು ಹಿಡಿದ, ಕೊನೆಗೆ 0-1. ಆ ಮ್ಯಾಚ್ ಗೆದ್ದಿದ್ದರೆ ಯಾರ ಹಂಗೂ ಇಲ್ಲದೆ ನೇರ ವಿಶ್ವಕಪ್ ಟಿಕೆಟ್. ನಮ್ಮ ಜೂನಿಯರ್ ಹುಡುಗರ ಅತ್ಯುತ್ತಮ ಪ್ರದರ್ಶನ ನನಗೆ 2017 ಅಲ್ಲ, ಇದು. ಟಿವಿಯಲ್ಲಿ ಜಾಹೀರಾತು ಇರಲಿಲ್ಲ, ಹಾಗಾಗಿ ಯಾರಿಗೂ ನೆನಪಿಲ್ಲ. ಮೊನ್ನೆ ಇರಾನ್ ಸೋಲಿಸಿದಾಗಲೂ ಬೆಂಚಿನಲ್ಲಿ ಕೂತಿದ್ದು ಅದೇ ಬಿಬಿಯಾನೋ.

ಮತ್ತೆ ಈಗ ಅಂಡರ್-17 ವಿಶ್ವಕಪ್‌ನಲ್ಲಿ 48 ಟೀಮು. ಏಷ್ಯಾದಲ್ಲಿ ಕ್ವಾರ್ಟರ್ ಫೈನಲ್ ಮುಟ್ಟಿದರೆ ಸಾಕು. ಅಂದರೆ 2018ರ ಹುಡುಗರು ಮಾಡಿದಷ್ಟೇ ಇವರು ಮಾಡಿದರೂ ವಿಶ್ವಕಪ್ಪೇ.

ಸೊನ್ನೆ_ಸೊನ್ನೆ:
ಇದು ಒಳ್ಳೇ ಪಾಯಿಂಟ್, ಒಪ್ಪಿದೆ. ಆದರೂ 2023ರಲ್ಲಿ ಥಾಯ್ಲೆಂಡ್‌ನಲ್ಲಿ ಜಪಾನ್ ನಮಗೆ ಎಂಟು ಗೋಲು ಹಾಕಿತು.

ಕೋಚ್_ಅಲ್ಲ_ಆದ್ರೂ:
ನಾವು ನಾಲ್ಕು ಹಾಕಿದೆವಲ್ಲ ಅದಕ್ಕೆ. 4-8. ಆ ವರ್ಷದ ಚಾಂಪಿಯನ್ನೇ ಜಪಾನ್ ಸ್ವಾಮಿ.

ಉಳ್ಳಾಲ_ಎಕ್ಸ್‌ಪ್ರೆಸ್:
ಇಷ್ಟುದ್ದ ಚರ್ಚೆಯಲ್ಲಿ "ಹುಡುಗರು, ಹುಡುಗರು" ಅಂತ ಎಷ್ಟು ಸಲ ಬಂತು ಎಣಿಸಿ. 2022ರಲ್ಲಿ ನಮ್ಮಲ್ಲೇ ಹುಡುಗಿಯರ ಅಂಡರ್-17 ವಿಶ್ವಕಪ್ ಆಯಿತು, ಒಬ್ಬರೂ ಬಾಯಿ ಬಿಟ್ಟಿಲ್ಲ. ಭುವನೇಶ್ವರದಲ್ಲಿ ಅಮೆರಿಕಾ 8-0, ಮೊರಾಕ್ಕೊ 3-0, ಬ್ರೆಜಿಲ್ 5-0. ನಾಚಿಕೆ ಪಡೋ ಹಾಗೆ ಸೋತೆವು, ನಿಜ. ಆದರೆ ಮೊದಲು 2020ಕ್ಕೆ ಇದ್ದ ಟೂರ್ನಿ ಕೊರೋನಾದಿಂದ ಹೋಯಿತು. ಆ ವಯಸ್ಸಿನವರಿಗೆ ಆ ಅವಕಾಶ ಮತ್ತೆ ಬರಲ್ಲ. ಆಮೇಲೆ 2022ರ ಆಗಸ್ಟ್‌ನಲ್ಲಿ, ಟೂರ್ನಿಗೆ ಎರಡು ತಿಂಗಳೂ ಇಲ್ಲದಾಗ, ಫಿಫಾ ನಮ್ಮ ಫೆಡರೇಷನ್‌ನನ್ನೇ ಅಮಾನತು ಮಾಡಿತು. ದೊಡ್ಡವರ ಕುರ್ಚಿ ಜಗಳ. ಹತ್ತು ಹನ್ನೊಂದು ದಿನ ಆ ಮಕ್ಕಳಿಗೆ ಟೂರ್ನಿ ಇದೆಯೋ ಇಲ್ಲವೋ ಗೊತ್ತಿಲ್ಲ. ಕ್ಯಾಪ್ಟನ್ ಅಸ್ತಂ ಓರಾಂವ್ ಜಾರ್ಖಂಡಿನ ಗುಮ್ಲಾದವಳು. ಅವಳು ಕ್ಯಾಪ್ಟನ್ ಆದ ಮೇಲೆ ಊರಿಗೆ ರಸ್ತೆ ಹಾಕಿದರು, ಅದರಲ್ಲಿ ಕೂಲಿ ಕೆಲಸ ಮಾಡಿದವರಲ್ಲಿ ಅವಳ ಅಪ್ಪ ಅಮ್ಮನೂ ಇದ್ದರು. ಈ ಸುದ್ದಿ ಎಲ್ಲ ಪೇಪರಲ್ಲೂ ಬಂತು, ಮ್ಯಾಚ್ ಬಗ್ಗೆ ಮಾತ್ರ ಒಂದು ಮೂಲೆಯಲ್ಲಿ.

ಸೊನ್ನೆ_ಸೊನ್ನೆ:
ಮೇಡಂ, ಇದಕ್ಕೆ ನನ್ನ ಹತ್ತಿರ ತಮಾಷೆ ಇಲ್ಲ. ಆದರೆ ನನ್ನ ಪ್ರಶ್ನೆ ಹಾಗೇ ಇದೆ. 2017ರ ಹುಡುಗರು ಆಮೇಲೆ ಏನಾದರು?

ಹಲಸೂರು_ಲೆಫ್ಟ್‌ಬ್ಯಾಕ್:
ಕಂಠೀರವಕ್ಕೆ ಬಂದಿಲ್ವಾ ನೀನು? ಸುರೇಶ್ ವಾಂಗ್ಜಾಮ್ ನಮ್ಮ ಬೆಂಗಳೂರು ಎಫ್‌ಸಿ ಮಿಡ್‌ಫೀಲ್ಡ್‌ನಲ್ಲಿ ಓಡಿದ್ದು ನೋಡಿಲ್ವಾ? ಜೀಕ್ಸನ್ ಸೀನಿಯರ್ ಟೀಮ್ ಆಡಿದ. ಅನ್ವರ್ ಅಲಿಗೆ ಹೃದಯದ ತೊಂದರೆ, ಆಡಬೇಡ ಅಂದಿದ್ದರು, ಅಲ್ಲಿಂದ ಎದ್ದು ಬಂದು ಅವನೂ ಸೀನಿಯರ್ ಟೀಮ್ ಸೇರಿದ. ಇನ್ನೆಷ್ಟು ಬೇಕು?

ಕೋಚ್_ಅಲ್ಲ_ಆದ್ರೂ:
ನನ್ನ ತಕರಾರು ಬೇರೆ. ಸ್ಟಾಲಿನ್ ಬೆಂಗಳೂರಿನವನು ಅಂತ ಹೆಮ್ಮೆ ಪಟ್ಟಿರಿ. ಅವನು ಕಲಿತಿದ್ದು ಎಲ್ಲಿ? ಚಂಡೀಗಢದ ಅಕಾಡೆಮಿಯಲ್ಲಿ. ಗೌತಮಪುರದಲ್ಲಿ ಪೆಲೆ ಪ್ರತಿಮೆ ಇಟ್ಟುಕೊಂಡಿರೋ ಊರು ನಮ್ಮದು. ಆದರೆ ಹುಡುಗ ಕಲಿಯೋಕೆ ಎರಡು ದಿನ ರೈಲಲ್ಲಿ ಹೋಗಬೇಕಾಯಿತು. 2017ರ ಆರು ಸ್ಟೇಡಿಯಂಗಳಲ್ಲಿ ಬೆಂಗಳೂರು ಇರಲೂ ಇಲ್ಲ. ಕೊಚ್ಚಿ ಇತ್ತು, ಗುವಾಹಟಿ ಇತ್ತು.

ಇನ್ನು ಕೆಳಗಿನ ಕಥೆ ಕೇಳಿ. ನಾನು ಭಾನುವಾರ 13ರ ಒಳಗಿನ ಮಕ್ಕಳಿಗೆ ಆಡಿಸ್ತೀನಿ. ಹೋದ ವರ್ಷ ಒಂದು ಟೂರ್ನಿಗೆ ಹೋದೆವು. ಎದುರು ಟೀಮಿನ ಸ್ಟಾಪರ್‌ಗೆ ಮೀಸೆ. ಬರ್ತ್ ಸರ್ಟಿಫಿಕೇಟ್ ನೋಡಿದರೆ ಎಲ್ಲ ಸರಿ, ಇಂಕು ಮಾತ್ರ ಹೊಸದು. ಫಿಫಾ 2009ರಿಂದ ಮಣಿಕಟ್ಟಿನ ಎಂಆರ್‌ಐ ಮಾಡಿ ವಯಸ್ಸು ನೋಡುತ್ತೆ. ನಮ್ಮ ಮಟ್ಟದಲ್ಲಿ ಮಣಿಕಟ್ಟು ಯಾರು ನೋಡ್ತಾರೆ? ನಾವು 0-5 ಸೋತೆವು. ನಮ್ಮ ಟೀಮಿನ ಒಂದು ಸಣ್ಣ ಹುಡುಗ, ಚೆಂಡು ಕಾಲಿಗೆ ಅಂಟಿದ ಹಾಗೆ ಆಡೋನು, ಆವತ್ತಿಂದ ಬರೋದು ಬಿಟ್ಟ. ನೀವು 1974 ಅಂತೀರಿ, 2017 ಅಂತೀರಿ. ನನಗೆ ಆ ಹುಡುಗ ನೆನಪಾಗ್ತಾನೆ.

ಹಳೇ_ಬೂಟು:
ಅವರ ಮನೆಗೆ ಹೋಗಿ ಕರೆದಿರಾ?

ಕೋಚ್_ಅಲ್ಲ_ಆದ್ರೂ:
ಎರಡು ಸಲ ಹೋದೆ ಸರ್. ಟ್ಯೂಷನ್ ಅಂದರು.

ಹಳೇ_ಬೂಟು:
ಮೂರನೇ ಸಲ ನಾನೂ ಬರ್ತೀನಿ. ಬಿಳಿ ಕೂದಲಿನವನು ಬಾಗಿಲಿಗೆ ಬಂದರೆ ಒಳಗೆ ಕೂರಿಸ್ತಾರೆ, ಕಾಫಿನಾದರೂ ಸಿಗುತ್ತೆ.

ಸೊನ್ನೆ_ಸೊನ್ನೆ:
ಭಾನುವಾರ ಎಷ್ಟು ಗಂಟೆಗೆ, ಎಲ್ಲಿ? ಜಗಳ ಆಡಿದ್ದು ಸಾಕಾಯ್ತು, ಒಂದು ಸಲ ನೋಡೋಣ.

ಕೋಚ್_ಅಲ್ಲ_ಆದ್ರೂ:
ಬೆಳಿಗ್ಗೆ ಆರೂವರೆ. ಜಾಗ ಮೆಸೇಜ್ ಮಾಡ್ತೀನಿ. ಏಳಕ್ಕೆ ಕ್ರಿಕೆಟ್‌ನವರು ಬಂದು ಸ್ಟಂಪ್ ನೆಡ್ತಾರೆ, ಅಷ್ಟರೊಳಗೆ ಬನ್ನಿ. ಮನೆಯಲ್ಲಿ ಹಳೇ ಚೆಂಡು ಇದ್ದರೆ ತನ್ನಿ, ನಮ್ಮದು ಒಂದು ರಾಜಕಾಲುವೆಗೆ ಬಿದ್ದು ಹೋಯಿತು.