ಗದ್ದೆಯನ್ನೆಲ್ಲ ತೋಟ ಮಾಡಿದರೆ, ಹೆಚ್ಚುತ್ತಿರುವ ಜನಕ್ಕೆ ಅಕ್ಕಿ ಎಲ್ಲಿಂದ?

ಪ್ರಶ್ನೆ: ಮಕ್ಕಿಗದ್ದೆ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ. ಒಂದು ಎಕರೆ ಅಡಿಕೆ ತೋಟ, ಎರಡು ಎಕರೆ ಗದ್ದೆ. ಸುತ್ತಲಿನವರೆಲ್ಲ ಗದ್ದೆಗೆ ಮಣ್ಣು ಹೊಡೆಸಿ ಅಡಿಕೆ ಸಸಿ ಇಟ್ಟಿದ್ದಾರೆ. ನಮ್ಮ ಬಯಲಿನಲ್ಲಿ ಭತ್ತ ಉಳಿದಿರುವುದು ನಮ್ಮದು ಮಾತ್ರ. ಹಂದಿ, ನವಿಲು ಎಲ್ಲ ನೇರವಾಗಿ ನಮ್ಮ ಗದ್ದೆಗೇ ಬರುತ್ತವೆ.

ಈ ಗದ್ದೆಗೂ ಅಡಿಕೆ ಹಾಕೋಣ ಎಂದು ತಮ್ಮ ಹಟ ಹಿಡಿದಿದ್ದಾನೆ. ಅಪ್ಪಯ್ಯ ಒಪ್ಪುತ್ತಿಲ್ಲ. ಅವರು ಶಾಲೆಗೆ ಹೋಗುತ್ತಿದ್ದದ್ದು ಅಮೆರಿಕದ ಗೋಧಿ ಹಡಗಿನಲ್ಲಿ ಬರುತ್ತಿದ್ದ ಕಾಲದಲ್ಲಿ. "ಜನ ಹೀಗೇ ಹೆಚ್ಚುತ್ತಾ ಹೋದರೆ ನಾಳೆ ದುಡ್ಡು ಕೊಟ್ಟರೂ ಅಕ್ಕಿ ಸಿಗುವುದಿಲ್ಲ" ಅನ್ನುತ್ತಾರೆ. ತಮ್ಮ ಅದಕ್ಕೆ, ದೇಶ ಅಕ್ಕಿ ರಫ್ತು ಮಾಡುತ್ತಿದೆ, ರೇಷನ್ ಅಂಗಡಿ ತುಂಬಿದೆ, ಇನ್ನೇನು ಭಯ ಅನ್ನುತ್ತಾನೆ.

ಗೊತ್ತಿರುವವರು ಹೇಳಿ. ಜನಸಂಖ್ಯೆ ಹೆಚ್ಚಿದರೆ ನಮ್ಮಂಥ ದೇಶದಲ್ಲಿ ಊಟಕ್ಕೆ ನಿಜವಾಗಿ ತೊಂದರೆ ಆಗುತ್ತದಾ? ಇಬ್ಬರಲ್ಲಿ ಯಾರ ಮಾತು ಕೇಳಲಿ?

ಉತ್ತರ: ಭದ್ರಾ ನಾಲೆ (ಭದ್ರಾವತಿ)

ನಮ್ಮ ಕಡೆ ನಾಲೆ ನೀರಿದೆ, ಎರಡು ಬೆಳೆ ಭತ್ತ ತೆಗೆಯುವ ಜಾಗ. ಇಲ್ಲೂ ಅಡಿಕೆ ಬಂತು. ಚನ್ನಗಿರಿ ಕಡೆ ಹೋಗಿ ನೋಡಿ, ಮೊದಲಿನಿಂದ ಇದ್ದ ತೋಟಗಳ ಜೊತೆಗೆ ಗದ್ದೆಗಳೂ ತೋಟ ಆಗುತ್ತಿವೆ. ಮಲೆನಾಡಿನವರು ಭತ್ತ ಬಿಟ್ಟರೆ ನಾಲೆ ಕಡೆಯವರು ಬೆಳೆಯುತ್ತಾರೆ ಎಂದು ನಂಬಬೇಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆ ಆಯಿತು. ಅಣೆಕಟ್ಟಿನಲ್ಲಿ ನೀರಿಲ್ಲದ ವರ್ಷ ನಾವೂ ಭತ್ತ ಬೆಳೆಯಲು ಆಗುವುದಿಲ್ಲ.

ಉತ್ತರ: ಸೊಸೈಟಿ ಅಕ್ಕ (ಹೊಸನಗರ)

ಮಕ್ಕಿಗದ್ದೆಯವರೇ, ನಾನು ಹೊಸನಗರ ತಾಲ್ಲೂಕಿನ ಒಂದು ಸೊಸೈಟಿಯಲ್ಲಿ ರೇಷನ್ ಕೊಡುವ ಕೆಲಸ ಮಾಡುತ್ತೇನೆ. ಮನೆಯಲ್ಲಿ ಇನ್ನೂ ಭತ್ತ ಬೆಳೆಯುತ್ತೇವೆ. ಅಕ್ಕಿ ಹುಟ್ಟುವುದನ್ನೂ ನೋಡುತ್ತೇನೆ, ಅದು ಯಾರ ಚೀಲಕ್ಕೆ ಹೋಗುತ್ತದೆ, ಯಾರ ಚೀಲಕ್ಕೆ ಹೋಗುವುದಿಲ್ಲ ಎಂಬುದನ್ನೂ ನೋಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಿಮ್ಮ ಅಪ್ಪಯ್ಯನ ಭಯ ಸುಮ್ನೆ ಬಂದದ್ದಲ್ಲ. 1965ರಲ್ಲಿ, ಮತ್ತೆ 1966ರಲ್ಲಿ ಮಳೆ ಕೈಕೊಟ್ಟಿತು. ವಾರಕ್ಕೆ ಒಂದು ಹೊತ್ತು ಊಟ ಬಿಡಿ ಎಂದು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ದೇಶದ ಜನರನ್ನು ಕೇಳಿಕೊಂಡಿದ್ದ ಕಾಲ ಅದು. ಆ ಹೊತ್ತಿನಲ್ಲಿ ಬೆಳೆದವರು ಒಂದು ಅಗುಳು ಚೆಲ್ಲಿದರೂ ಬೈಯುತ್ತಾರೆ. ನಮ್ಮ ಮನೆಯಲ್ಲೂ ಹಾಗೇ.

ಆದರೆ ಆಮೇಲೆ ನಡೆದದ್ದನ್ನೂ ನೋಡಬೇಕು. 1951ರಲ್ಲಿ ನಾವು 36 ಕೋಟಿ ಜನ ಇದ್ದೆವು, ಬೆಳೆಯುತ್ತಿದ್ದ ಆಹಾರಧಾನ್ಯ ಸುಮಾರು 5 ಕೋಟಿ ಟನ್. ಈಗ ಜನ 140 ಕೋಟಿ ದಾಟಿದ್ದಾರೆ, ಧಾನ್ಯ 33 ಕೋಟಿ ಟನ್ ದಾಟಿದೆ. ಜನ ನಾಲ್ಕು ಪಟ್ಟು ಆದರೆ ಧಾನ್ಯ ಆರು ಪಟ್ಟಿಗಿಂತ ಜಾಸ್ತಿ ಆಯಿತು. ಬಿತ್ತುವ ಭೂಮಿ ಮಾತ್ರ 1970ರಿಂದ 14 ಕೋಟಿ ಹೆಕ್ಟೇರಿನ ಆಸುಪಾಸಿನಲ್ಲೇ ಇದೆ. ಗಿಡ್ಡ ತಳಿ, ಗೊಬ್ಬರ, ನಾಲೆ, ಬೋರ್‌ವೆಲ್ ಬಂದವು. ಹೆಕ್ಟೇರಿಗೆ 668 ಕೆ.ಜಿ. ಅಕ್ಕಿ ಬರುತ್ತಿದ್ದ ದೇಶದಲ್ಲಿ ಈಗ 2,800 ಕೆ.ಜಿ. ಸುತ್ತಮುತ್ತ ಬರುತ್ತಿದೆ. ನಿಮ್ಮ ತಮ್ಮ ಹೇಳುವ ರಫ್ತಿನ ಮಾತೂ ನಿಜ. ಲೋಕದಲ್ಲಿ ಅತಿ ಹೆಚ್ಚು ಅಕ್ಕಿ ಹೊರಗೆ ಮಾರುವ ದೇಶ ನಮ್ಮದು.

ಈಗ ನನ್ನ ಅಂಗಡಿಗೆ ಬನ್ನಿ. ಇಳಿಯುವ ಅಕ್ಕಿ ಚೀಲದ ಮೇಲೆ ಪಂಜಾಬ್, ಛತ್ತೀಸ್‌ಗಢ, ತೆಲಂಗಾಣ ಎಂದು ಬರೆದಿರುತ್ತದೆ. ಪಂಜಾಬಿನಲ್ಲಿ ವರ್ಷಕ್ಕೆ ನೆಲಕ್ಕೆ ಇಂಗುವ ನೀರಿನ ಸುಮಾರು ಒಂದೂವರೆ ಪಟ್ಟು ನೀರನ್ನು ಬೋರ್‌ವೆಲ್‌ನಿಂದ ಎತ್ತುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಅಂಥ ಊರಿನ ಪಕ್ಕ ಕೂತು ನಾವು ಬತ್ತುತ್ತಿರುವ ನೆಲದ ಅಕ್ಕಿ ಉಣ್ಣುತ್ತಿದ್ದೇವೆ. ನನಗೆ ಇದು ಸರಿ ಕಾಣುವುದಿಲ್ಲ. ಅಲ್ಲಿ ನೀರು ನಿಂತ ದಿನ ಇಲ್ಲಿ ಯಾರ ಹತ್ತಿರ ಗದ್ದೆ ಇರುತ್ತದೆ ಹೇಳಿ?

ಜನ ಜಾಸ್ತಿ ಆದದ್ದರ ಪೆಟ್ಟು ಅಕ್ಕಿ ಗೋದಾಮಿನಲ್ಲಿ ಕಾಣುವುದಿಲ್ಲ, ಹಿಸ್ಸೆಯಲ್ಲಿ ಕಾಣುತ್ತದೆ. ಕರ್ನಾಟಕದಲ್ಲಿ ಒಂದು ರೈತ ಹಿಡುವಳಿ 1970-71ರಲ್ಲಿ ಸರಾಸರಿ 3.2 ಹೆಕ್ಟೇರ್ ಇತ್ತು. 2015-16ಕ್ಕೆ 1.36 ಹೆಕ್ಟೇರಿಗೆ ಇಳಿಯಿತು. ಗೇಣಿ ಕಾನೂನಿನಿಂದ ಭೂಮಿ ಪಡೆದ ಎಷ್ಟೋ ಮನೆಗಳು ನಮ್ಮೂರಿನಲ್ಲಿವೆ. ಅಪ್ಪನಿಗೆ ಬಂದ ನಾಲ್ಕು ಎಕರೆ ಮಕ್ಕಳಿಗೆ ಹಂಚಿ, ಮೊಮ್ಮಕ್ಕಳಿಗೆ ಬರುವ ಹೊತ್ತಿಗೆ ಒಂದು ಎಕರೆಯೋ ಮೂವತ್ತು ಗುಂಟೆಯೋ ಅಷ್ಟೇ. ಅಷ್ಟರಲ್ಲಿ ಭತ್ತ ಬೆಳೆದು ಸಂಸಾರ ನಡೆಸಲು ಆಗುವುದಿಲ್ಲ.

ಲೆಕ್ಕ ಹಾಕೋಣ. ನಮ್ಮ ಮಳೆ ಆಶ್ರಯದ ಗದ್ದೆಯಲ್ಲಿ ಎಕರೆಗೆ ಒಳ್ಳೆಯ ವರ್ಷ 18 ಕ್ವಿಂಟಲ್ ಭತ್ತ ಬಂತು ಅನ್ನಿ. 2025-26ರ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲ್‌ಗೆ 2,369 ರೂಪಾಯಿ. ಒಟ್ಟು 42 ಸಾವಿರ ಚಿಲ್ಲರೆ. ಉಳುಮೆ, ಸಸಿಮಡಿ, ನಾಟಿ, ಕಳೆ, ಕೊಯ್ಲು, ಒಕ್ಕಣೆ ಎಲ್ಲ ಕಳೆದರೆ ಕೈಗೆ ಏನು ಉಳಿಯುತ್ತದೆ ಎಂದು ನಿಮಗೇ ಗೊತ್ತು. ಒಬ್ಬರ ಗದ್ದೆಗೆ ಇನ್ನೊಬ್ಬರು ಕೂಲಿಯಿಲ್ಲದೆ ದುಡಿದುಕೊಡುವ ಮುಯ್ಯಾಳು ಪದ್ಧತಿ ಹೋಯಿತು, ನಾಟಿಗೆ ಆಳು ಸಿಗುವುದಿಲ್ಲ. ಅಡಿಕೆಯಲ್ಲಿ ಅದೇ ಎಕರೆಗೆ ಲಕ್ಷಗಳ ಮಾತು. ಹಾಗಾಗಿ ನಿಮ್ಮ ತಮ್ಮನನ್ನು ಬೈಯಬೇಡಿ. ಅವನ ಹಿಸ್ಸೆ ಸಣ್ಣದಾಗಿದೆ, ಅದಕ್ಕೆ ಹೆಚ್ಚು ದುಡ್ಡಿನ ಬೆಳೆ ಹುಡುಕುತ್ತಿದ್ದಾನೆ.

ಇನ್ನೊಂದು ಕಡೆಯಿಂದಲೂ ನೋಡಿ. ಆ 18 ಕ್ವಿಂಟಲ್ ಭತ್ತ ಗಿರಣಿಗೆ ಹೋದರೆ 12 ಕ್ವಿಂಟಲ್ ಹತ್ತಿರ ಅಕ್ಕಿ. ಒಬ್ಬರಿಗೆ ತಿಂಗಳಿಗೆ 10 ಕೆ.ಜಿ. ಅಂದರೆ ಹತ್ತು ಜನರ ವರ್ಷದ ಅನ್ನ. ನಿಮ್ಮ ಎರಡು ಎಕರೆ ಇಪ್ಪತ್ತು ಜನಕ್ಕೆ ಉಣ್ಣಿಸುತ್ತಿದೆ. ಇದನ್ನು ಯಾವ ಮಂಡಿಯ ದರಪಟ್ಟಿಯೂ ಹೇಳುವುದಿಲ್ಲ.

ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ. ಹೆಚ್ಚಿದ ಧಾನ್ಯದಲ್ಲಿ ಬಹುಪಾಲು ಅಕ್ಕಿ, ಗೋಧಿ. ಬೇಳೆಕಾಳು 1951ರಲ್ಲಿ ದೇಶದಲ್ಲಿ ಒಬ್ಬರಿಗೆ ದಿನಕ್ಕೆ 60 ಗ್ರಾಂ ಸಿಗುತ್ತಿತ್ತು. ಇವತ್ತು ಸಿಗುವುದು ಅದಕ್ಕಿಂತ ಕಡಿಮೆ. ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಹೆಂಗಸರಲ್ಲಿ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ. ಅಕ್ಕಿ ಚೀಲ ಹೊತ್ತು ಹೋಗುವ ಬಾಣಂತಿಯ ಮುಖ ನೋಡಿದರೆ ನನಗೆ ಆ ಅಂಕಿ ನೆನಪಾಗುತ್ತದೆ. ತೊಗರಿಬೇಳೆ ದರ ಕೇಳಿ ಕಾಲು ಕೆ.ಜಿ. ಕಟ್ಟಿಸಿಕೊಂಡು ಹೋಗುವವರು ಎಷ್ಟೋ ಜನ.

ಕೊನೆಗೆ ನನ್ನನ್ನು ಬಹಳ ಕಾಡುವ ವಿಷಯ. 2013ರ ಆಹಾರ ಭದ್ರತಾ ಕಾಯ್ದೆ ದೇಶದ ನೂರರಲ್ಲಿ 67 ಜನಕ್ಕೆ ಧಾನ್ಯ ಕೊಡಬೇಕು ಎನ್ನುತ್ತದೆ. ಆ ಲೆಕ್ಕ ನಿಂತಿರುವುದು 2011ರ ಜನಗಣತಿ ಮೇಲೆ, ಅಂದರೆ ಸುಮಾರು 81 ಕೋಟಿ ಜನ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ, 2027ಕ್ಕೆ ಹೋಯಿತು. ಈಗಿನ ಜನಕ್ಕೆ 67ರ ಲೆಕ್ಕ ಹಾಕಿದರೆ 90 ಕೋಟಿ ದಾಟುತ್ತದೆ. ನಡುವಿನ ಅಷ್ಟೂ ಜನ ಕೇಂದ್ರದ ಪಟ್ಟಿಯ ಹೊರಗೆ. ರಾಜ್ಯ ತನ್ನ ದುಡ್ಡಿನಲ್ಲಿ ಕೆಲವು ಕಾರ್ಡು ಕೊಡುತ್ತದೆ, ಆದರೂ ಸಾಲದು. ಹೊಸ ಸೊಸೆ, ಆಮೇಲೆ ಹುಟ್ಟಿದ ಮಕ್ಕಳು ಕಾರ್ಡಿನಲ್ಲಿ ಇರುವುದಿಲ್ಲ. ನಾಲ್ಕು ಹೆಸರಿನ ಅಕ್ಕಿಯಲ್ಲಿ ಆರು ಜನ ಉಣ್ಣಬೇಕು. ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿ, "ಅಕ್ಕ, ಮಗು ಹೆಸರು ಯಾವಾಗ ಬರುತ್ತದೆ?" ಎಂದು ಕೇಳುತ್ತಾರೆ. ಗೋದಾಮಿನಲ್ಲಿ ಅಕ್ಕಿ ಇದೆ. ಆ ಮಗು ಲೆಕ್ಕದಲ್ಲಿ ಇಲ್ಲ, ಅಷ್ಟೇ.

ಉತ್ತರ: ಗೋಪಿ ಸರ್ಕಲ್ (ಶಿವಮೊಗ್ಗ)

ಅಕ್ಕ, ನೀವು ಹೇಳಿದ್ದೆಲ್ಲ ಸರಿ. ಆದರೆ ಮೂಲ ಬಿಟ್ಟು ಮಾತಾಡಿದ ಹಾಗೆ ಆಯಿತು. ಎರಡು ಮಕ್ಕಳಿಗಿಂತ ಜಾಸ್ತಿ ಇದ್ದವರಿಗೆ ರೇಷನ್ ನಿಲ್ಲಿಸಲಿ. ಎಲ್ಲ ತಾನಾಗಿ ಸರಿ ಹೋಗುತ್ತದೆ.

ಉತ್ತರ: ಸೊಸೈಟಿ ಅಕ್ಕ (ಹೊಸನಗರ)

ಸರ್, ರೇಷನ್ ನಿಲ್ಲಿಸಿದರೆ ಉಪವಾಸ ಬೀಳುವುದು ಮೂರನೇ ಮಗು. ಅದು ಕೇಳಿ ಹುಟ್ಟಿದ್ದಲ್ಲ. ಇದನ್ನು ನಾನು ಒಪ್ಪಲಾರೆ.

ಮತ್ತೆ ಆ ಕಾನೂನಿನ ಅಗತ್ಯವೂ ಇಲ್ಲ. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು. ದೇಶಕ್ಕೆ 2.0. ಜನಸಂಖ್ಯೆ ಇದ್ದ ಹಾಗೇ ಇರಲು 2.1 ಬೇಕು. ಇನ್ನೂ ಜನ ಹೆಚ್ಚುತ್ತಿರುವುದು ಮೊದಲು ಹುಟ್ಟಿದವರು ಈಗ ಹೆರುವ ವಯಸ್ಸಿಗೆ ಬಂದಿರುವುದರಿಂದ. ನಮ್ಮೂರ ಶಾಲೆಗೆ ಬಂದು ನೋಡಿ, ಒಂದನೇ ತರಗತಿಗೆ ಮಕ್ಕಳೇ ಇಲ್ಲ.

ಬಾಂಗ್ಲಾದೇಶ ನೋಡಿ. ಸ್ವಾತಂತ್ರ್ಯ ಬಂದಾಗ ಏಳು ಕೋಟಿ ಜನ, 1974ರಲ್ಲಿ ಭೀಕರ ಕ್ಷಾಮ. ಈಗ 17 ಕೋಟಿ ಜನ, ಅಕ್ಕಿ ಮೂರು ಪಟ್ಟಿಗಿಂತ ಜಾಸ್ತಿ ಬೆಳೆಯುತ್ತಾರೆ. ಬೇಸಿಗೆ ಭತ್ತಕ್ಕೆ ನೀರಾವರಿ ಬಂತು. ಆರೋಗ್ಯ ಕಾರ್ಯಕರ್ತೆಯರು ಮನೆ ಮನೆಗೆ ಹೋದರು, ಹುಡುಗಿಯರು ಶಾಲೆ ಕಲಿತರು. ತಾಯಿಗೆ ಆರು ಮಕ್ಕಳಿದ್ದದ್ದು ಎರಡರ ಹತ್ತಿರಕ್ಕೆ ಇಳಿಯಿತು. ಯಾರ ತಟ್ಟೆಯನ್ನೂ ಕಿತ್ತುಕೊಳ್ಳಲಿಲ್ಲ.

ಆದರೆ ಆಫ್ರಿಕದ ನೈಜರ್‌ನಂಥ ದೇಶದಲ್ಲಿ ಅಪ್ಪಯ್ಯನ ಭಯ ಇವತ್ತಿಗೂ ನಿಜ. ಅಲ್ಲಿ ತಾಯಿಗೆ ಈಗಲೂ ಆರರ ಸುತ್ತಮುತ್ತ ಮಕ್ಕಳು, ಹೆಚ್ಚಿನ ಭಾಗ ಮರುಭೂಮಿ, ಮಳೆ ನಂಬಿದ ಸಜ್ಜೆ, ಜೋಳ. ಜನ ಹೆಚ್ಚುವ ವೇಗಕ್ಕೆ ಇಳುವರಿ ಏರುತ್ತಿಲ್ಲ.

ಉತ್ತರ: ಹಿನ್ನೀರು (ಸಾಗರ)

ಒಂದು ಮಾತು ಸೇರಿಸುತ್ತೇನೆ. ನಮ್ಮ ಅಜ್ಜನ ಗದ್ದೆ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಅಡಿ ಹೋಯಿತು. ರಾಜ್ಯದ ಜನಕ್ಕೆ ಕರೆಂಟು ಬೇಕಿತ್ತು, ಕೊಟ್ಟರು. ಮುಳುಗಡೆಯಾದ ಎಷ್ಟೋ ಮನೆಯವರು ಇವತ್ತಿಗೂ ತಾವು ಉಳುವ ನೆಲಕ್ಕೆ ಹಕ್ಕುಪತ್ರ ಇಲ್ಲದೆ ಕೂತಿದ್ದಾರೆ. ಜನಕ್ಕೆ ಬೇಕಾದದ್ದೆಲ್ಲ ಕೊನೆಗೆ ಗದ್ದೆ ಮೇಲೇ ಬೀಳುತ್ತದೆ. ಡ್ಯಾಂ, ಲೇಔಟ್, ರಸ್ತೆ, ಎಲ್ಲ. ಇರುವ ಗದ್ದೆ ಉಳಿಸಿಕೊಳ್ಳಿ.

ಉತ್ತರ: ಮಕ್ಕಿಗದ್ದೆ (ತೀರ್ಥಹಳ್ಳಿ)

ಎಲ್ಲರಿಗೂ ಧನ್ಯವಾದ. ಅಕ್ಕ, ಅಪ್ಪಯ್ಯನಿಗೆ ನಿಮ್ಮ ಬರಹ ಓದಿ ಹೇಳಿದೆ. ಇಪ್ಪತ್ತು ಜನದ ಲೆಕ್ಕ ಅವರಿಗೆ ಹಿಡಿಸಿತು. ತಮ್ಮ ಇನ್ನೂ ಒಪ್ಪಿಲ್ಲ. ನೀವಾಗಿದ್ದರೆ ಆ ಎರಡು ಎಕರೆ ಏನು ಮಾಡುತ್ತಿದ್ದಿರಿ? ಮತ್ತೆ, ನಮ್ಮ ಕಾರ್ಡಿನಲ್ಲೂ ನನ್ನ ಮಗಳ ಹೆಸರು ಬಂದಿಲ್ಲ.

ಉತ್ತರ: ಸೊಸೈಟಿ ಅಕ್ಕ (ಹೊಸನಗರ)

ನಾನಾಗಿದ್ದರೆ ಮೇಲಿನ, ನೀರು ನಿಲ್ಲದ ಮಕ್ಕಿ ಗದ್ದೆ ತಮ್ಮನಿಗೆ ಬಿಟ್ಟುಕೊಡುತ್ತಿದ್ದೆ. ಕೆಳಗಿನ ಜೌಗು ಗದ್ದೆ ಮುಟ್ಟಲು ಬಿಡುತ್ತಿರಲಿಲ್ಲ. ನೀರು ನಿಲ್ಲುವ ಜಾಗದಲ್ಲಿ ಆಳದ ಬಸಿಗಾಲುವೆ ಇಲ್ಲದೆ ಅಡಿಕೆ ಬೇರು ಕೊಳೆಯುತ್ತದೆ. ಒಮ್ಮೆ ಕಾಲುವೆ ತೋಡಿ ಬದು ಒಡೆದರೆ ಮತ್ತೆ ಗದ್ದೆ ಮಾಡುವುದು ಕಷ್ಟ. ಎಲೆಚುಕ್ಕಿ ರೋಗ ಎಷ್ಟು ತೋಟ ತಿಂದಿದೆ ಎಂದು ತಮ್ಮನಿಗೂ ಗೊತ್ತಿರುತ್ತದೆ. ಎಲ್ಲವನ್ನೂ ಒಂದೇ ಬೆಳೆಗೆ ಒಡ್ಡುವುದು ಬೇಡ ಎಂದು ಹೇಳಿ.

ಜೌಗಿಗೆ ಸಹ್ಯಾದ್ರಿ ಪಂಚಮುಖಿ ಬೀಜ ಕೇಳಿ ನೋಡಿ. ಕೆಂಪಕ್ಕಿ, ತಗ್ಗು ಗದ್ದೆಗೆಂದೇ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದವರು ತೆಗೆದ ತಳಿ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಭತ್ತ ಕೊಯ್ದ ಮೇಲೆ ನೀರು ಬಸಿದ ಕಡೆ ಪಸೆ ಆರುವ ಮೊದಲು ಉದ್ದು, ಹೆಸರು ಚೆಲ್ಲಿ. ಮನೆಗಾಗುವಷ್ಟು ಕಾಳು ಬಂದರೂ ಸಾಕು. ಹಂದಿಗೆ ಸೋಲಾರ್ ಬೇಲಿ ಒಂದೇ ದಾರಿ. ಅಕ್ಕಪಕ್ಕದ ತೋಟದವರೂ ಸೇರಿದರೆ ಖರ್ಚು ಹಂಚಿಹೋಗುತ್ತದೆ, ಅವರಿಗೂ ಹಂದಿ ಕಾಟ ಇದ್ದೇ ಇರುತ್ತದೆ ಅಲ್ವಾ.

ಮಗಳ ಜನನ ಪ್ರಮಾಣಪತ್ರ, ಆಧಾರ್, ನಿಮ್ಮ ರೇಷನ್ ಕಾರ್ಡು ಹಿಡಿದು ಗ್ರಾಮ ಒನ್ ಸೇವಾ ಕೇಂದ್ರಕ್ಕೆ ಹೋಗಿ. ಹೆಸರು ಸೇರಿಸುವ ಅವಕಾಶ ಆಗಾಗ ಮಾತ್ರ ತೆರೆಯುತ್ತದೆ. ಸರ್ವರ್ ಇಲ್ಲ ಎಂದು ವಾಪಸ್ ಕಳಿಸಿದರೂ ಬಿಡದೆ ಮತ್ತೆ ಹೋಗಿ, ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ.