ಇಎನ್8 ಶಾಫ್ಟ್ ಎಣ್ಣೆಯಲ್ಲಿ ಅದ್ದಿದರೂ ಗಡುಸಾಗುತ್ತಿಲ್ಲ, ಯಾಕೆ?

ಪ್ರಶ್ನೆ:
40 ಎಂಎಂ ಇಎನ್8 (ಮಧ್ಯಮ ಕಾರ್ಬನ್ನಿನ ಸಾದಾ ಉಕ್ಕು) ಶಾಫ್ಟ್, ಒಂದು ತುದಿಯಲ್ಲಿ ಕೀವೇ (ಕೀ ಕೂರುವ ತೋಡು). 850 ಡಿಗ್ರಿಗೆ ಕಾಯಿಸಿ, ಒಂದೂವರೆ ಗಂಟೆ ಬಿಟ್ಟು ಎಣ್ಣೆಗೆ ಇಳಿಸಿದರೆ ಮೇಲ್ಮೈ 20 ಎಚ್‌ಆರ್‌ಸಿ (ರಾಕ್‌ವೆಲ್ ಗಡಸುತನದ ಅಳತೆ) ದಾಟುತ್ತಿಲ್ಲ. ಬೇಕಿರುವುದು 45. 920ಕ್ಕೆ ಏರಿಸಿದರೂ ಅಷ್ಟೇ. ಕಾರ್ಬನ್ 0.41% ಇದೆ. ದೋಷ ಫರ್ನೇಸಿನದೋ ಎಣ್ಣೆಯದೋ?

ಉತ್ತರ 1:
ಫರ್ನೇಸಿನದಲ್ಲ. ಈ ಸಾದಾ ಉಕ್ಕು 550 ಡಿಗ್ರಿ ಆಸುಪಾಸನ್ನು ಸೆಕೆಂಡಿನೊಳಗೆ ದಾಟಬೇಕು. ತಡವಾದರೆ ಕಾರ್ಬನ್ನಿಗೆ ಸರಿದಾಡಲು ಸಮಯ ಸಿಕ್ಕಿ, ಮೊದಲು ಗ್ರೇನ್ (ಉಕ್ಕಿನ ಹರಳು) ಅಂಚಿನಲ್ಲಿ ಫೆರೈಟ್, ಆಮೇಲೆ ಉಳಿದ ಕಡೆ ಪರ್ಲೈಟ್ ಎಂಬ ಮೆತ್ತನೆಯ ರಚನೆಗಳು ಕೂರುತ್ತವೆ. ಸುಮಾರು 350ಕ್ಕೆ ಮಾರ್ಟೆನ್ಸೈಟ್ (ಗಡುಸಾದ ರಚನೆ) ಶುರುವಾಗಬೇಕಾದ ಹೊತ್ತಿಗೆ, ಅದಾಗಿ ಬದಲಾಗಬೇಕಿದ್ದ ಆಸ್ಟನೈಟ್ (ಕಾದ ಉಕ್ಕಿನ ರಚನೆ) ಹೆಚ್ಚುಕಡಿಮೆ ಖಾಲಿ. 12 ಎಂಎಂ ಪಿನ್ನಿಗೇ ಎಣ್ಣೆಯಲ್ಲಿ 28 ಎಚ್‌ಆರ್‌ಸಿಯಷ್ಟು ಬಂದರೆ ಹೆಚ್ಚು. ತುಂಡು ಪಾಲಿಶ್ ಮಾಡಿ 2% ನೈಟಾಲ್ (ಆಲ್ಕೋಹಾಲಿನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲ) ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿ: ಬಿಳಿ ಬಲೆ ಫೆರೈಟ್, ನಡುವಿನ ಕಪ್ಪು ಪರ್ಲೈಟ್. 920ರಿಂದ ಗ್ರೇನ್ ದಪ್ಪವಾಗಿ ಬಿರುಕಿನ ಅಪಾಯವಷ್ಟೇ ಹೆಚ್ಚುತ್ತದೆ.

ಉತ್ತರ 2:
ನೀರಿಗೆ ಹಾಕಿ. ನೀರು 20–30 ಡಿಗ್ರಿ ಇರಲಿ; 40 ದಾಟಿದರೆ ಶಾಫ್ಟನ್ನು ಸುತ್ತುವ ಆವಿಯ ಪದರ ಬೇಗ ಒಡೆಯುವುದಿಲ್ಲ, ಅಲ್ಲಲ್ಲಿ ಮೆತ್ತನೆಯ ಮಚ್ಚೆ ಉಳಿಯುತ್ತದೆ. 5–10% ಉಪ್ಪು ಬೆರೆಸಿದರೆ ಆ ಪದರ ನಿಲ್ಲದು. ಶಾಫ್ಟನ್ನು ನೆಟ್ಟಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ಮೇಲ್ಮೈ 50 ಎಚ್‌ಆರ್‌ಸಿ ಹತ್ತಿರ ಬರುತ್ತದೆ, ಅದೂ ಕೆಲವೇ ಮಿಲಿಮೀಟರ್ ಆಳಕ್ಕೆ. ಪೂರ್ತಿ ತಣ್ಣಗಾಗಲು ಬಿಡದೆ ತಕ್ಷಣ 300 ಡಿಗ್ರಿಗೆ ಟೆಂಪರ್ ಮಾಡಿ (ಪೆಡಸು ತಗ್ಗಲು ಮತ್ತೆ ಮಿತವಾಗಿ ಕಾಯಿಸಿ). ಅಳೆಯುವ ಮುನ್ನ ಅರ್ಧ ಮಿಲಿಮೀಟರ್ ಗ್ರೈಂಡ್ ಮಾಡಿ. ಕಾರ್ಬನ್ ಕಳೆದುಕೊಂಡ ಹೊರಚರ್ಮದ ಮೇಲೆ ಅಳೆದರೆ ರೀಡಿಂಗ್ ಸುಳ್ಳು.

ಉತ್ತರ 3:
ಕೀವೇ ಇರುವ ಶಾಫ್ಟಿಗೆ ನೀರು ಬೇಡ. ಮಾರ್ಟೆನ್ಸೈಟ್ ಆಗುವಾಗ ಉಕ್ಕು ಹಿಗ್ಗುತ್ತದೆ, ಹೊರಗೊಂದು ಹೊತ್ತಿಗೆ, ಒಳಗಿನ್ನೊಂದು ಹೊತ್ತಿಗೆ. ಆ ಎಳೆದಾಟವೆಲ್ಲ ಕೀವೇಯ ಚೂಪು ಮೂಲೆಗೆ ಬಂದು ಬೀಳುತ್ತದೆ. ನೀರಿಗೇ ಹಾಕುವುದಾದರೆ ಮೂಲೆಗೆ ರೇಡಿಯಸ್ ಕೊಟ್ಟು, ಕೀವೇಯನ್ನು ಫೈರ್‌ಕ್ಲೇಯಿಂದ ಮುಚ್ಚಿ. 300ಕ್ಕೆ ಟೆಂಪರ್ ಮಾಡುವುದನ್ನೂ ಒಪ್ಪಲಾರೆ: 250–400ರ ನಡುವೆ ಟೆಂಪರ್ ಮಾಡಿದ ಮಾರ್ಟೆನ್ಸೈಟಿಗೆ ಹೊಡೆತ ತಡೆಯುವ ಶಕ್ತಿ ಕುಸಿಯುತ್ತದೆ, ಗಡಸುತನದ ರೀಡಿಂಗ್ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಇಡೀ ಶಾಫ್ಟಿಗೆ 45 ಬೇಕಿದ್ದರೆ ಇಎನ್19 ತನ್ನಿ. ಅದರ ಕ್ರೋಮಿಯಂ, ಮಾಲಿಬ್ಡಿನಂ ಪರ್ಲೈಟನ್ನು ತಡಮಾಡಿಸುವುದರಿಂದ ಈ ದಪ್ಪಕ್ಕೆ ಎಣ್ಣೆಯೇ ಸಾಕು. ಟೆಂಪರ್ 420ರ ಸುತ್ತ, ಮೊದಲು ಟ್ರಯಲ್ ತುಂಡಿನಲ್ಲಿ ನೋಡಿ.

ಪ್ರಶ್ನೆ ಕೇಳಿದವರು:
ಗಡಸು ಬೇಕಿರುವುದು ಸೀಲ್ ಕೂರುವ ಜಾಗಕ್ಕೆ ಮಾತ್ರ.

ಉತ್ತರ 3:
ಮೊದಲೇ ಹೇಳಬಾರದಿತ್ತೇ! ಇಎನ್8 ಇರಲಿ. 920ಕ್ಕೆ ಹೋದ ಶಾಫ್ಟನ್ನು 850ರಲ್ಲಿ ನಾರ್ಮಲೈಸ್ ಮಾಡಿ (ಕಾಯಿಸಿ ಗಾಳಿಯಲ್ಲಿ ಆರಲು ಬಿಟ್ಟು), ಆ ಜಾಗಕ್ಕಷ್ಟೇ ಇಂಡಕ್ಷನ್ ಹಾರ್ಡನಿಂಗ್ (ವಿದ್ಯುತ್ ಕಾಯಿಲಿನಿಂದ ಮೇಲ್ಮೈಯನ್ನಷ್ಟೇ ಕಾಯಿಸಿ ಗಡುಸಾಗಿಸುವುದು), 2 ಎಂಎಂ ಆಳ, 180ಕ್ಕೆ ಟೆಂಪರ್. ಕಾಯಿಲ್ ಕೀವೇ ತನಕ ಹೋಗದಂತೆ ಡ್ರಾಯಿಂಗಿನಲ್ಲೇ ಗುರುತು ಹಾಕಿ ಕೊಡಿ.