ಟ್ಯೂನಿಂಗ್ ಅಂದ್ರೆ ಶ್ರುತಿ ತಾನೆ? ‘ಗೇಜ್ ಜಾಸ್ತಿ’ ಅಂದ್ರೆ ದಪ್ಪವೋ ತೆಳುವೋ?

ಎಲ್ಲರಿಗೂ ನಮಸ್ಕಾರ.

ಎರಡು ಪದ ಕೇಳೋಣ ಅಂತ ಕೂತೆ. ಬರೀತಾ ಬರೀತಾ ಉದ್ದವಾಯಿತು, ಬೇಜಾರು ಮಾಡ್ಕೋಬೇಡಿ.

ನಮ್ಮ ಸೋದರಮಾವನ ಹತ್ತಿರ ಒಂದು ಹವಾಯಿಯನ್ ಗಿಟಾರ್ ಇತ್ತು. ತೊಡೆಯ ಮೇಲೆ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸಿ ನುಡಿಸುವಂಥದ್ದು. ಕಾಲಲ್ಲಿ ಪೆಡಲ್ ಒತ್ತಿ ಸ್ವರ ಬದಲಿಸುವ ದೊಡ್ಡ ಸ್ಟೀಲ್ ಗಿಟಾರ್ ಬೇರೆ, ಇದಕ್ಕೆ ಪೆಡಲ್ ಇಲ್ಲ. ಮಾವ ರೈಲ್ವೆಯಲ್ಲಿದ್ದರು, ಖರಗ್‌ಪುರದಲ್ಲಿದ್ದಾಗ ಕೊಂಡದ್ದು. ಬಂಗಾಳದಲ್ಲಿ ಆಗ ಈ ವಾದ್ಯದ ಹುಚ್ಚು ಜೋರಾಗಿತ್ತು. ಹವಾಯಿಯಿಂದ ಬಂದ ಟಾವ್ ಮೋ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿ ನುಡಿಸಿ, ಕಲಿಸಿ ಹಚ್ಚಿದ ರುಚಿ ಅದು. ಮಾವ ಹೋದ ಮೇಲೆ ಗಿಟಾರ್ ನನ್ನ ಅಕ್ಕನ ಮಗನ ಕೈಗೆ ಬಂತು. ಅವನಿಗಾಗಿ ಕನ್ನಡದಲ್ಲೇ ನಾಲ್ಕು ಪುಟ ಟಿಪ್ಪಣಿ ಬರೆದುಕೊಡ್ತೀನಿ ಅಂತ ಹೇಳಿ, ಮೊದಲ ಪುಟದಲ್ಲೇ ಸಿಕ್ಕಿಬಿದ್ದಿದ್ದೇನೆ.

ಫೋನಿನಲ್ಲಿ ಕೇಳಿದ: “ಮಾಮ, ಟ್ಯೂನಿಂಗ್ ಅಂದ್ರೆ ಶ್ರುತಿ ತಾನೆ?”

ಹೌದು ಕಣೋ ಅಂದೆ. ಫೋನ್ ಇಟ್ಟ ಮೇಲೆ ಅನುಮಾನ ಶುರುವಾಯಿತು.

ನಾವು ಶ್ರುತಿ ಅನ್ನುವುದು ಒಂದೇ ಅರ್ಥದಲ್ಲಿ ಅಲ್ಲ. “ನಿಮ್ಮ ಶ್ರುತಿ ಎಷ್ಟು?” ಅಂದರೆ ‘ಐದೂವರೆ ಮನೆ’ ಅಂತ ಉತ್ತರ ಬರುತ್ತದೆ, ಹಾರ್ಮೋನಿಯಂ ಮನೆಗಳ ಲೆಕ್ಕ ಅದು. ಧಾರವಾಡದ ಕಡೆಯವರು ‘ಕಾಳಿ ಒಂದು’ ಅನ್ನುತ್ತಾರೆ. ಇಲ್ಲಿ ಶ್ರುತಿ ಅಂದರೆ ಷಡ್ಜ ಎಲ್ಲಿದೆ ಅನ್ನೋದು. “ತಂಬೂರಿ ಶ್ರುತಿ ಮಾಡು” ಅಂದರೆ ಬಿರಡೆ ತಿರುಗಿಸುವ ಕೆಲಸ. “ಶ್ರುತಿ ಹಾಕು” ಅಂದರೆ ಶ್ರುತಿ ಪೆಟ್ಟಿಗೆ ಆನ್ ಮಾಡು. ಶಾಸ್ತ್ರದ 22 ಶ್ರುತಿ ಮತ್ತೊಂದು. ಇಷ್ಟರಲ್ಲಿ ನನಗೆ ಬೇಕಾದದ್ದು ಇಲ್ಲ. ನನಗೆ ಬೇಕಿರುವುದು: ಆರು ತಂತಿಗಳಲ್ಲಿ ಯಾವುದಕ್ಕೆ ಯಾವ ಸ್ವರ ಅನ್ನುವ ಏರ್ಪಾಡಿನ ಹೆಸರು.

ಮಾಮೂಲಿ ಗಿಟಾರಿನವರಿಗೆ ಈ ತಲೆನೋವು ಅಷ್ಟಿಲ್ಲ. ಬೆರಳಿದೆ, ಬೇಕಾದ ಮನೆಯಲ್ಲಿ ಒತ್ತಿಕೊಳ್ಳುತ್ತಾರೆ. ಸ್ಟೀಲ್ ಗಿಟಾರಿನಲ್ಲಿ ನೆಟ್ಟಗಿನ ಒಂದು ಉಕ್ಕಿನ ಸರಳು ಆರೂ ತಂತಿಯ ಮೇಲೆ ಒಟ್ಟಿಗೆ ಕೂರುತ್ತದೆ. ಸರಳು ಇಡದ ಬರೀ ತಂತಿಗಳಲ್ಲಿ ಯಾವ ಸ್ವರಗಳಿವೆಯೋ ಅವೇ ಅಷ್ಟೂ ಜಾಗದಲ್ಲಿ ಮೇಲೆ ಕೆಳಗೆ ಸರಿಯುತ್ತವೆ, ಅಷ್ಟೆ. ಹಾಗಾಗಿ ಈ ಏರ್ಪಾಡೇ ವಾದ್ಯದ ಅರ್ಧ ಪ್ರಾಣ. ಒಬ್ಬೊಬ್ಬರು ಒಂದೊಂದು ಇಟ್ಟುಕೊಂಡಿರುತ್ತಾರೆ. ಇನ್ನೊಬ್ಬರ ಏರ್ಪಾಡು ಗೊತ್ತಿಲ್ಲದೆ ಅವರ ಕೈ ನೋಡಿ ಕಲಿಯುವುದು ಕಷ್ಟ.

ಕೆಲವನ್ನು ಹೇಳುತ್ತೇನೆ, ಪಾಶ್ಚಾತ್ಯ ಸ್ವರಗಳ ಇಂಗ್ಲಿಷ್ ಅಕ್ಷರದಲ್ಲಿ, ಮಂದ್ರದಿಂದ ಮೇಲಕ್ಕೆ. ಹಳೆಯ ಹವಾಯಿ ಪದ್ಧತಿಯಲ್ಲಿ ‘ಲೋ ಬಾಸ್ ಎ’ ಅಂತ ಒಂದು: ಇ, ಎ, ಇ, ಎ, ಸಿ ಶಾರ್ಪ್, ಇ. ‘ಹೈ ಬಾಸ್ ಎ’: ಎ, ಸಿ ಶಾರ್ಪ್, ಇ, ಮತ್ತೆ ಅದೇ ಮೂರು. ಡೋಬ್ರೋ (ಒಳಗಿನ ಲೋಹದ ತಟ್ಟೆಯಿಂದ ಸದ್ದು ಹೆಚ್ಚಿಸುವ ಗಿಟಾರ್) ನುಡಿಸುವವರದು ‘ಓಪನ್ ಜಿ’: ಜಿ, ಬಿ, ಡಿ, ಜಿ, ಬಿ, ಡಿ. ಮತ್ತೆ ‘ಸಿ ಸಿಕ್ಸ್ತ್’: ಸಿ, ಇ, ಜಿ, ಎ, ಸಿ, ಇ. ಅಮೆರಿಕದ ಸ್ಟೀಲ್ ಗಿಟಾರ್ ವಾದಕ ಜೆರಿ ಬರ್ಡ್ ಹೆಸರು ಹೇಳಿದರೆ ಸ್ಟೀಲ್ ಗಿಟಾರಿನವರಿಗೆ ನೆನಪಾಗುವುದು ಇದೇ.

ಇಷ್ಟನ್ನೂ ಇಂಗ್ಲಿಷ್ ಅಕ್ಷರದ ಹೆಸರಲ್ಲೇ ಟಿಪ್ಪಣಿಗೆ ಇಳಿಸಿದ್ದೆ. ಆಮೇಲೆ ಹುಡುಗ ಪೆಟ್ಟಿಗೆಯ ಒಂದು ಫೋಟೋ ಕಳಿಸಿದ. ಗಿಟಾರ್ ಪೆಟ್ಟಿಗೆಯ ಒಳಗೆ, ಉಕ್ಕಿನ ತುಂಡು ಇಡುವ ಗೂಡಿನ ಮುಚ್ಚಳಕ್ಕೆ, ಮಾವ ಹಳೇ ಕ್ಯಾಲೆಂಡರಿನ ಹಿಂಭಾಗದ ಚೂರು ಅಂಟಿಸಿದ್ದಾರೆ. ಮೇಲೆ ನೀಲಿ ಶಾಯಿಯಲ್ಲಿ ಅವರ ಓರೆ ಅಕ್ಷರ: “ಸಗಪ ಸಗಪ. ಆರು ಮನೆ.”

ಆರು ಮನೆ ಅಂದರೆ ಹಾರ್ಮೋನಿಯಂನ ಆರನೇ ಬಿಳಿ ಮನೆ, ಅಂದರೆ ಎ. ಹೈ ಬಾಸ್ ಎ ಟ್ಯೂನಿಂಗನ್ನು ಮಾವ ನಾಲ್ಕು ಪದದಲ್ಲಿ ಮುಗಿಸಿದ್ದಾರೆ! ಅದಕ್ಕಿಂತ ಸ್ವಾರಸ್ಯ ಅಂದರೆ, ಡೋಬ್ರೋದವರ ಓಪನ್ ಜಿಯನ್ನೂ ಹೀಗೇ ಬರೆದರೆ ಏನಾಗುತ್ತೆ? “ಸಗಪ ಸಗಪ. ಐದು ಮನೆ.” ಇಂಗ್ಲಿಷಿನಲ್ಲಿ ಎರಡು ಹೆಸರಿನ ಎರಡು ಟ್ಯೂನಿಂಗು, ನಮ್ಮ ಲೆಕ್ಕದಲ್ಲಿ ಏರ್ಪಾಡು ಒಂದೇ, ಮನೆ ಮಾತ್ರ ಬೇರೆ. ಸಿ ಸಿಕ್ಸ್ತ್ ಬರೆದರೆ ‘ಸಗಪದ ಸಗ’. ಮೋಹನದಿಂದ ರಿಷಭ ಕಿತ್ತ ಹಾಗೆ.

ಇನ್ನು ಲೋ ಬಾಸ್ ಎ ಬರೆದು ನೋಡಿ. ‘ಪಸಪಸ ಗಪ’. ವೀಣೆ ನುಡಿಸುವವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಅನುಮಂದ್ರ, ಮಂದ್ರ, ಪಂಚಮ, ಸಾರಣಿ: ನಮ್ಮ ವೀಣೆಯ ನಾಲ್ಕು ಮುಖ್ಯ ತಂತಿಗಳೂ ಕೆಳಗಿನಿಂದ ಪಸಪಸ ತಾನೇ? ಹವಾಯಿಯವರ ಹಳೇ ಟ್ಯೂನಿಂಗ್ ಅಂದರೆ ವೀಣೆಯ ನಾಲ್ಕು ತಂತಿ, ಮೇಲೆ ಒಂದು ಗಾಂಧಾರ, ಒಂದು ಪಂಚಮ. ಅಲ್ಲಿಂದ ಇಲ್ಲಿಗೆ ಬಂತು, ಇಲ್ಲಿಂದ ಅಲ್ಲಿಗೆ ಹೋಯಿತು ಅಂತ ನಾನು ಹೇಳುತ್ತಿಲ್ಲ. ಸರಿಗಮದಲ್ಲಿ ಬರೆದಾಗ ಕಾಣುವುದು ಅಕ್ಷರದಲ್ಲಿ ಬರೆದಾಗ ಕಾಣಲಿಲ್ಲ, ಅಷ್ಟೇ ನನ್ನ ಮಾತು.

ಹಾಗಾಗಿ ಒಂದೊಂದರ ಹೆಸರಿನ ಚಿಂತೆ ತೀರಿತು. ಪಿಟೀಲಿನವರೂ ಇದನ್ನೇ ಮಾಡುತ್ತಾರಲ್ವಾ? “ಪಾಶ್ಚಾತ್ಯರದ್ದು ಜಿ ಡಿ ಎ ಇ, ನಮ್ಮದು ಸಪಸಪ” ಅನ್ನುತ್ತಾರೆ. ಆದರೆ ಆ ಜಾತಿಗೇ ಒಂದು ಹೆಸರು ಬೇಕಲ್ಲ. “ಸಗಪ ಸಗಪ ಒಂದು ಬಗೆಯ ____” ಅಂತ ಬರೆದು ಪೆನ್ನು ನಿಂತಿದೆ.

ಹೊಳೆದದ್ದನ್ನು ಹೇಳುತ್ತೇನೆ. ‘ಶ್ರುತಿ’ಯನ್ನೇ ಇಟ್ಟುಕೊಳ್ಳಬಹುದು. ಪಂಚಮ ಶ್ರುತಿ, ಮಧ್ಯಮ ಶ್ರುತಿ ಅನ್ನುವಾಗ ಆ ಪದ ಈ ಅರ್ಥದ ಹತ್ತಿರ ಬರುತ್ತದೆ. ತಂಬೂರಿಯ ಮೊದಲ ತಂತಿಯನ್ನು ಪಂಚಮಕ್ಕೆ ಇಡೋದೋ ಮಧ್ಯಮಕ್ಕೋ ಅನ್ನುವ ಏರ್ಪಾಡಿನ ಮಾತೇ ಅದು. ಆದರೆ “ಶ್ರುತಿ ಬದಲಿಸು” ಅಂದರೆ ನೂರಕ್ಕೆ ತೊಂಬತ್ತು ಜನ ಮನೆ ಬದಲಿಸುತ್ತಾರೆ, ಏರ್ಪಾಡು ಬದಲಿಸಲ್ಲ.

‘ತಂತಿಕಟ್ಟು’ ಕಿವಿಗೆ ಚೆನ್ನಾಗಿದೆ. ಆದರೆ ವೀಣೆಗೆ ತಂತಿ ಕಟ್ಟುವುದು ಅಂದರೆ ಹೊಸ ತಂತಿ ಹಾಕುವ ಕೆಲಸ. ಹುಡುಗ ಇರೋ ತಂತಿ ಬಿಚ್ಚಿಬಿಟ್ಟಾನು.

ನನ್ನ ಮನಸ್ಸು ‘ಮೇಳ’ದ ಕಡೆಗಿದೆ. ವಿಜಯನಗರದ ರಾಮಾಮಾತ್ಯ 1550ರ ‘ಸ್ವರಮೇಳ ಕಲಾನಿಧಿ’ಯಲ್ಲಿ ಶುದ್ಧಮೇಳ ವೀಣೆ, ಮಧ್ಯಮೇಳ ವೀಣೆ, ಅಚ್ಯುತರಾಜೇಂದ್ರಮೇಳ ವೀಣೆ ಅಂತ ಬೇರೆ ಬೇರೆ ಮಾಡಿ ಹೇಳುತ್ತಾನೆ. ವೀಣೆಗಳಿಗೆ ಆ ಹೆಸರು ಬಂದದ್ದು ತಂತಿಗಳನ್ನು ಸೇರಿಸುವ ರೀತಿಯಿಂದ. ನನಗೆ ಬೇಕಾದ ಅರ್ಥ ಇದೇ. ಪದ ನಮ್ಮಲ್ಲೇ ಇತ್ತು, ಆಮೇಲೆ ಬೇರೆ ಕೆಲಸಕ್ಕೆ ಹೋಯಿತು. ಈಗ ಮೇಳ ಅಂದರೆ 72 ಮೇಳಕರ್ತ ರಾಗಗಳು, ಇಲ್ಲಾ ಯಕ್ಷಗಾನದ ಮೇಳ. (ಹಿಂದೂಸ್ತಾನಿಯ ‘ಠಾಟ್’ ಕಥೆಯೂ ಇಂಥದ್ದೇ. ಸಿತಾರಿನ ಮೆಟ್ಟಿಲುಗಳನ್ನು ಕೂರಿಸುವ ರೀತಿಗೆ ಹೇಳುತ್ತಿದ್ದ ಮಾತು ರಾಗಗಳನ್ನು ಗುಂಪು ಮಾಡುವ ಮಾತಾಯಿತು.) ಗೊಂದಲ ಬೇಡ ಅಂತ ‘ತಂತಿಮೇಳ’ ಅಂತ ಮಾಡಿಕೊಂಡು ಮನೆಯಲ್ಲಿ ಓದಿ ಹೇಳಿದೆ. “ತಂತಿಮೇಳ ಅಂದ್ರೆ ತಂತಿ ವಾದ್ಯಗಳ ಆರ್ಕೆಸ್ಟ್ರಾ ಅಲ್ವಾ?” ಅಂದಳು ನನ್ನಾಕೆ. ಅದೂ ನಿಜವೇ.

ಎರಡನೆಯದು ‘ಗೇಜ್’, ತಂತಿಯ ದಪ್ಪದ ಅಳತೆ. ಇದು ಬರೀ ಪದದ ಜಗಳ ಅಲ್ಲ. ಇದರಿಂದ ಒಂದು ತಂತಿ ಹೋಯಿತು.

ಮಾವನ ಗಿಟಾರ್ ಮೇರುವಿನಿಂದ ಕುದುರೆಗೆ (ತಂತಿ ಆತುಕೊಳ್ಳುವ ಎರಡು ತುದಿಯ ಪಟ್ಟಿಗಳ ನಡುವೆ) ಇಪ್ಪತ್ತೆರಡೂವರೆ ಇಂಚು. ಸಗಪದ ಸಗ ಕೂಡಿಸೋದಾದರೆ ಮೊದಲ ತಂತಿ (ಎಲ್ಲಕ್ಕಿಂತ ಮೇಲಿನ ಸ್ವರದ್ದು) 15, ಎರಡನೆಯದು 18 ಹಾಕು ಅಂತ ಹುಡುಗನಿಗೆ ಬರೆದಿದ್ದೆ. ಗಿಟಾರಿನವರ ಭಾಷೆಯಲ್ಲಿ 15 ಅಂದರೆ ಇಂಚಿನ ಸಾವಿರದಲ್ಲಿ ಹದಿನೈದು ಪಾಲು, ಸುಮಾರು 0.38 ಮಿ.ಮೀ. ದಪ್ಪ. ಅವನು ನನ್ನ ಚೀಟಿಯನ್ನು ಮೊದಲು ವೀಣೆ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದ. ಅವರು ತಂತಿ ಅಳೆಯುವ ತಗಡು ತೆಗೆದು ಹಳೇ ತಂತಿಯನ್ನು ಸೀಳಿಗೆ ತೂರಿಸಿ ನೋಡಿ, “ಇದು ಇಪ್ಪತ್ತೆಂಟಪ್ಪಾ” ಅಂದರು. ಸರಿಯಾಗೇ ಹೇಳಿದರು. ಅವರದ್ದು ಬ್ರಿಟನ್ನಿನಲ್ಲಿ 1884ರಲ್ಲಿ ಕಾಯಂ ಆದ ತಂತಿ ನಂಬರು. ಅದರಲ್ಲಿ 28 ಅಂದರೆ ಇಂಚಿನ ಸಾವಿರದಲ್ಲಿ 14.8 ಪಾಲು. ನನ್ನ 15ಕ್ಕೂ ಅವರ 28ಕ್ಕೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. 18 ಅಂದರೆ ಅವರ 26. 22 ಅಂದರೆ ಅವರ 24. ಒಂದು ಕಡೆ ನಂಬರು ಏರಿದರೆ ತಂತಿ ದಪ್ಪ, ಇನ್ನೊಂದು ಕಡೆ ಏರಿದರೆ ತೆಳು. ತಂತಿಯನ್ನು ಒಂದಕ್ಕಿಂತ ಒಂದು ಸಣ್ಣ ತೂತಿನಲ್ಲಿ ಎಳೆದು ಎಳೆದು ತೆಳು ಮಾಡುವ ಕಾಲದ ಲೆಕ್ಕ ಅದು. ಹೆಚ್ಚು ಎಳೆದಷ್ಟೂ ನಂಬರು ದೊಡ್ಡದು. ನೇಕಾರರಿಗೆ ಹೊಸದೇನಲ್ಲ, 100ರ ನೂಲು 40ರ ನೂಲಿಗಿಂತ ನವಿರು ತಾನೆ?

ಹುಡುಗ ಅಲ್ಲಿಂದ ನೇರ ಗಿಟಾರ್ ಅಂಗಡಿಗೆ ಹೋಗಿ “28 ಗೇಜ್ ಕೊಡಿ” ಅಂದ. ಅಂಗಡಿಯವರು ತಮ್ಮ ಲೆಕ್ಕದ 28 ಕೊಟ್ಟರು, ಸುತ್ತು ತಂತಿ (ಸಣ್ಣ ಎಳೆಯ ಮೇಲೆ ಇನ್ನೊಂದು ಎಳೆ ಸುತ್ತಿದ್ದು). ದಪ್ಪ ಹೆಚ್ಚುಕಡಿಮೆ ಎರಡು ಪಟ್ಟು. ದಪ್ಪ ಎರಡು ಪಟ್ಟಾದರೆ ಎಳೆತ ಎರಡು ಪಟ್ಟಲ್ಲ, ದಪ್ಪದ ವರ್ಗದಷ್ಟು ಏರುತ್ತದೆ. 15ರ ತಂತಿ ಈ ಉದ್ದದಲ್ಲಿ ಆ ಸ್ವರಕ್ಕೆ ಸುಮಾರು 13 ಕೆಜಿ ಎಳೆಯುತ್ತದೆ. ಇದು ಅಲ್ಲಿಗೆ ಮುಟ್ಟಬೇಕಾದರೆ 40 ಕೆಜಿ ಹತ್ತಿರ ಬೇಕು. ಮುಟ್ಟಲಿಲ್ಲ. ಸುತ್ತು ತಂತಿಯ ಒಳಗಿನ ಎಳೆ ಸಣ್ಣದಲ್ವಾ, ಕುದುರೆ ಹತ್ತಿರ ‘ಟಪ್’ ಅಂತ ಕಡೀತು. ಸುತ್ತಿನ ಎಳೆ ಸ್ಪ್ರಿಂಗಿನ ಹಾಗೆ ಬಿಚ್ಚಿಕೊಂಡು ಅವನ ಮುಂಗೈಗೆ ಗೀರಿತು. ಬಿರಡೆ ಉಳಿದದ್ದೇ ಪುಣ್ಯ. ಮೂವರೂ ಸರಿಯಾಗೇ ಹೇಳಿದ್ದರು, ಅಂಗಡಿಯವರನ್ನೂ ಸೇರಿಸಿ. ತಪ್ಪು ಪದದ್ದು.

ಇದೇ ಟಿಪ್ಪಣಿಯಲ್ಲಿ ಇನ್ನೊಂದು ಎಚ್ಚರಿಕೆ ಬರೆದಿದ್ದೇನೆ. ಮಾಮೂಲಿ ಗಿಟಾರಿಗೆ ಮಾರುವ ತಂತಿ ಸೆಟ್ಟನ್ನೇ ಹಾಕಿ ಐದು ಮನೆಯ ಸಗಪ ಸಗಪಕ್ಕೆ ಏರಿಸಬೇಡ. ಆರನೇ ತಂತಿ ಮೂರು ಮನೆ ಮೇಲೆ ಹೋಗಬೇಕಾಗುತ್ತದೆ, ಎಳೆತ ನೂರಕ್ಕೆ 41ರಷ್ಟು ಜಾಸ್ತಿ. ಐದನೆಯದು ಎರಡು ಮನೆ ಮೇಲೆ, ನೂರಕ್ಕೆ 26 ಜಾಸ್ತಿ. ಮೊದಲನೆಯದು ಎರಡು ಮನೆ ಕೆಳಗೆ ಬಂದು ಸಡಿಲವಾಗಿ ಗುಂಯ್‌ಗುಡುತ್ತದೆ. ಅದಕ್ಕೇ ಡೋಬ್ರೋ ಸೆಟ್ಟೇ ಬೇರೆ, ಮೊದಲೆರಡು ತಂತಿ 16, 18ರ ಹಾಗೆ ದಪ್ಪ. ಬರೆದು ಓದಿದರೆ ಇಲ್ಲೂ ಎಡವಟ್ಟು: ‘ಮೂರು ಮನೆ ಮೇಲೆ’ ಅಂದಾಗ ಕರಿ ಮನೆಯನ್ನೂ ಸೇರಿಸಿ ಎಣಿಸಿದ್ದೇನೆ, ‘ಐದು ಮನೆ ಶ್ರುತಿ’ ಅನ್ನುವಾಗ ಬಿಳಿ ಮಾತ್ರ. ಇದನ್ನು ಅರ್ಧ ಸ್ವರ ಅಂತ ತಿದ್ದುತ್ತೇನೆ.

ಗೇಜ್ ಜಾಗದಲ್ಲಿ ಸುಮ್ನೆ ‘ದಪ್ಪ’ ಅಂತ ಬರೆದರೆ ಸಾಕು ಅನ್ನಿಸುತ್ತಿದೆ. “ದಪ್ಪ 15” ಅಂದರೆ ಏರಿದಷ್ಟೂ ದಪ್ಪ, ಅನುಮಾನಕ್ಕೆ ಜಾಗ ಇಲ್ಲ. “28 ನಂಬರ್” ಅಂದರೆ ಹಳೇ ಲೆಕ್ಕ. ‘ಗೇಜ್’ ಪದವನ್ನೇ ಬಿಟ್ಟುಬಿಡೋದು. ಅಷ್ಟಕ್ಕೂ ಮಾವನಂಥವರಿಗೆ ಗೇಜ್ ಅಂದರೆ ಬ್ರಾಡು, ಮೀಟರು ಅಷ್ಟೇ.

ಇನ್ನೊಂದು ಸಣ್ಣದು. ‘ಸ್ಟೀಲ್ ಗಿಟಾರ್’ ಅನ್ನುವಲ್ಲಿ ಸ್ಟೀಲ್ ಅಂದರೆ ತಂತಿಯೂ ಅಲ್ಲ, ಮೈಯೂ ಅಲ್ಲ, ಕೈಯಲ್ಲಿರುವ ಉಕ್ಕಿನ ತುಂಡು. ‘ಉಕ್ಕಿನ ಗಿಟಾರ್’ ಅಂತ ಅನುವಾದಿಸಿದ್ದನ್ನು ನೋಡಿದ್ದೇನೆ, ನಗು ಬಂತು. ಆ ತುಂಡಿಗೆ ಗೋಟುವಾದ್ಯದವರ ‘ಗೋಟು’ ಬಳಸೋಣ ಅಂದುಕೊಂಡೆ, ಆದರೆ ಮಲೆನಾಡಿನ ಹುಡುಗನಿಗೆ ಗೋಟು ಅಂದರೆ ಅಡಿಕೆ.

ಪ್ರಶ್ನೆ ಇಷ್ಟು. ವೀಣೆ, ಪಿಟೀಲು, ಸಿತಾರು, ಸರೋದು ಕಲಿತವರು ಇಲ್ಲಿ ಇದ್ದೀರಿ. ‘ಸಪಸಪ’, ‘ಪಸಪಸ’ ಇಂಥವನ್ನೆಲ್ಲ ಒಟ್ಟಿಗೆ ಕರೆಯಲು ನಿಮ್ಮ ಗುರುಗಳು ಬಾಯಲ್ಲಿ ಏನನ್ನುತ್ತಿದ್ದರು? ಕೋಶದ ಪದ ಬೇಡ, ಪಾಠದ ಮನೆಯಲ್ಲಿ ಕೇಳಿದ ಪದ ಬೇಕು. ಮತ್ತೆ ನಿಮ್ಮ ಕಡೆ ಮೋಟಾರ್ ವೈಂಡಿಂಗ್ ಮಾಡುವವರು ತಂತಿಗೆ ‘ನಂಬರ್’ ಅನ್ನುತ್ತಾರೋ ‘ಗೇಜ್’ ಅನ್ನುತ್ತಾರೋ? ‘ಜಾಸ್ತಿ’ ಅಂದರೆ ಅವರಿಗೆ ದಪ್ಪವೋ ತೆಳುವೋ? ಕೇಳಿ ನೋಡಿ ತಿಳಿಸಿ. ಟಿಪ್ಪಣಿಯ ಎರಡನೇ ಪುಟ ಅಲ್ಲಿವರೆಗೆ ಖಾಲಿ ಇಟ್ಟಿರುತ್ತೇನೆ.